ಬೆಂಚುಗಳ ನಕ್ಷೆ: ವಿದ್ಯಾರ್ಥಿಗಳ ಜೊತೆ ಕೂಡಿ ಕೆಲಸ ಮಾಡಿದ ನನ್ನ ಅನುಭವ

ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಕೆಲವು ವರ್ಷ ಆಂತರಿಕ ಗುಣಮಟ್ಟ ಖಾತರಿ ಕೋಶದ, ಅಂದರೆ ನಾವೆಲ್ಲ ಐಕ್ಯೂಎಸಿ ಎನ್ನುವುದರ, ಸಂಚಾಲಕಿಯೂ ಆಗಿದ್ದೆ. ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆ ನ್ಯಾಕ್‌ನ ನಿಯಮದಂತೆ ಆ ಕೋಶದಲ್ಲಿ ವಿದ್ಯಾರ್ಥಿಗಳ ಪ್ರತಿನಿಧಿಯೂ ಇರಬೇಕು. ನಮ್ಮಲ್ಲಿಯೂ ಇದ್ದರು, ನಡಾವಳಿ ಪುಸ್ತಕದಲ್ಲಿ ಅವರ ಸಹಿಗಳು ಅಚ್ಚುಕಟ್ಟಾಗಿವೆ. ಆದರೆ ಅಷ್ಟೂ ಸಭೆಗಳಲ್ಲಿ ಅವರು ಏನು ಹೇಳಿದರು ಎಂದು ನೆನಪಿಸಿಕೊಳ್ಳಲು ಹೋದರೆ, ಕುಡಿಯುವ ನೀರಿನ ಫಿಲ್ಟರ್ ಕೆಟ್ಟಿದೆ ಎಂಬ ಒಂದು ಮಾತು ಬಿಟ್ಟು ಬೇರೇನೂ ಹೊಳೆಯುವುದಿಲ್ಲ. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಕ್ಕೆ ನೇರ ಚುನಾವಣೆ ನಿಂತು ಮೂರು ದಶಕ ದಾಟಿದೆ. ತರಗತಿಯ ಪ್ರತಿನಿಧಿ (ಸಿ.ಆರ್.) ಎಂದರೆ ಹಾಜರಿ ಪುಸ್ತಕ ತರುವವನು, ಮೇಷ್ಟ್ರು ಬಂದಿಲ್ಲವೆಂದು ಕಚೇರಿಗೆ ಹೇಳಿ ಬರುವವಳು ಎಂದೇ ಆಗಿಹೋಗಿತ್ತು.

2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂದಾಗ ನಮ್ಮ ವಿಷಯದಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 40 ಅಂಕಗಳು ದೊರೆತವು. ಎರಡು ಕಿರುಪರೀಕ್ಷೆಗೆ 20 ಹೋದರೆ ಉಳಿದ 20 ಅಂಕಗಳ ಕೆಲಸ ಯಾವುದಿರಬೇಕೆಂಬುದು ಬಹುಮಟ್ಟಿಗೆ ವಿಭಾಗದ ಕೈಯಲ್ಲಿತ್ತು. ವಿದ್ಯಾರ್ಥಿಗಳ ಜೊತೆ ಹಂಚಿಕೊಳ್ಳಲು ನಿಜವಾದ ಅಧಿಕಾರವೊಂದು ನಮ್ಮ ಬಳಿ ಇದೆ ಎಂದು ನನಗೆ ಅನ್ನಿಸಿದ್ದು ಆಗಲೇ.

ಮೊದಲ ಪ್ರಯತ್ನ ಪೂರ್ತಿ ಕೆಟ್ಟಿತು. ಹೆಚ್ಚು ಅಂಕ ಪಡೆದ ಆರು ಮಂದಿಯನ್ನು ವಿಭಾಗದ ಕೊಠಡಿಗೆ ಕರೆದೆ. ಕುರ್ಚಿಯ ಅಂಚಿನಲ್ಲಿ ಕುಳಿತ ಆರೂ ಜನ “ನೀವು ಹೇಗೆ ಹೇಳ್ತೀರೋ ಹಾಗೇ ಮೇಡಂ” ಎಂದರು. ಅವರ ತಪ್ಪೇನಿಲ್ಲ: ಇರುವ ವ್ಯವಸ್ಥೆಯಲ್ಲಿ ಗೆದ್ದವರನ್ನೇ ಕರೆದು ವ್ಯವಸ್ಥೆ ಸರಿಯಿದೆಯೇ ಎಂದು ಕೇಳಿದ್ದೆ, ಅದೂ ಅವರ 40 ಅಂಕಗಳನ್ನು ನನ್ನ ಕೈಯಲ್ಲಿ ಇಟ್ಟುಕೊಂಡು.

ಮರುವರ್ಷ ಬಸ್ಸಿನ ದಾರಿಗೊಬ್ಬರಂತೆ ಪ್ರತಿನಿಧಿಗಳನ್ನು ಕರೆದೆ. ನಮ್ಮ ಮಕ್ಕಳು ಬರುವ ದಾರಿಗಳು ಒಂಬತ್ತು. ಒಂದೊಂದು ದಾರಿಯವರು ತಾವೇ ಒಬ್ಬರನ್ನು ಆರಿಸಿ ಕಳಿಸಬೇಕು. ಹಾಗೆ ಬಂದವರಲ್ಲಿ ಎರಡು ಪೇಪರ್ ಉಳಿಸಿಕೊಂಡಿದ್ದ ಹುಡುಗನಿದ್ದ, ಸಂಜೆ ಪೆಟ್ರೋಲ್ ಬಂಕಿನಲ್ಲಿ ದುಡಿಯುವವನಿದ್ದ. ಅವನಿಗಾಗಿಯೇ ಸಭೆಯನ್ನು ಸಂಜೆ ನಾಲ್ಕರಿಂದ ತೆಗೆದು ಬೆಳಗಿನ ಬಿಡುವಿನ ಅವಧಿಗೆ ತಂದೆವು. ಮೊದಲ ದಿನ ಕಪ್ಪುಹಲಗೆಯ ಮೇಲೆ ಮೂರು ಕಾಲಂ ಎಳೆದೆ. ನಮ್ಮ ಕೈಯಲ್ಲಿ ಇಲ್ಲದ್ದು ಮೊದಲನೆಯದರಲ್ಲಿ: ಪಠ್ಯಕ್ರಮ, ಒಟ್ಟು ಅಂಕ, ಸೆಮಿಸ್ಟರ್ ಪರೀಕ್ಷೆ. ಕೂಡಿ ತೀರ್ಮಾನಿಸುವುದು ಎರಡನೆಯದರಲ್ಲಿ, ಅವರೇ ತೀರ್ಮಾನಿಸುವುದು ಮೂರನೆಯದರಲ್ಲಿ. ಮೊದಲನೆಯ ಕಾಲಂ ಅನ್ನು ಮುಚ್ಚುಮರೆಯಿಲ್ಲದೆ ಬರೆದದ್ದರಿಂದಲೇ ಉಳಿದೆರಡನ್ನು ಅವರು ನಂಬಿದರು ಎಂದು ನನ್ನ ಎಣಿಕೆ.

ಅಸೈನ್‌ಮೆಂಟ್ ಮಾತು ಬಂದಾಗ ಕೋಣೆ ಬಿಸಿಯಾಯಿತು. ಎಲ್ಲರೂ ಒಂದೇ ಗೈಡ್ ನೋಡಿ ಬರೆಯುತ್ತಾರೆ, ಅದಕ್ಕೆ ಸ್ಪೈರಲ್ ಬೈಂಡಿಂಗ್ ದುಡ್ಡು ದಂಡ, ಮೇಡಂ ಓದುವುದು ಮೊದಲ ಪುಟ ಮಾತ್ರ ಎಂದರು. ಕೊನೆಯದು ನಿಜವಾಗಿತ್ತು. ಅದರ ಬದಲು ಎಂಟು ವಾರ ತಂತಮ್ಮ ಊರಿನ ಸಂತೆಯಲ್ಲಿ ಹತ್ತು ಪದಾರ್ಥಗಳ ಧಾರಣೆ ಬರೆದುಕೊಂಡು, ಮೊದಲ ವಾರದ ಬೆಲೆಯನ್ನು 100 ಎಂದಿಟ್ಟು ಏರಿಳಿತ ತೋರಿಸುವ ಬೆಲೆ ಸೂಚ್ಯಂಕ ಕಟ್ಟುವ ಕೆಲಸ ತೀರ್ಮಾನವಾಯಿತು. ಈ ಕೆಲಸದ ಹತ್ತು ಅಂಕಗಳನ್ನು ಹಂಚಿದವರೂ ಅವರೇ: ಧಾರಣೆಯ ಪುಸ್ತಕಕ್ಕೆ 4, ಲೆಕ್ಕಕ್ಕೆ 3, ಎದುರು ನಿಂತು ವಿವರಿಸುವುದಕ್ಕೆ 3. ವಿವರಿಸುವುದಕ್ಕೆ ಏಕೆ ಅಂಕ ಎಂದು ಕೇಳಿದೆ. ಪೇಪರ್ ಉಳಿಸಿಕೊಂಡಿದ್ದ ಹುಡುಗ, “ಬರ್ದಿರೋದು ಯಾರೋ ಇರಬಹುದು, ಹೇಳೋದು ಅವ್ರೇ ಅಲ್ವಾ ಮೇಡಂ” ಎಂದ.

ನನ್ನನ್ನು ಹೆಚ್ಚು ಅಲುಗಿಸಿದ್ದು ತರಗತಿ ವೀಕ್ಷಣೆ, ಅಂದರೆ ನನ್ನ ಪಾಠವನ್ನು ವಿದ್ಯಾರ್ಥಿಯೊಬ್ಬರು ಕೂತು ಗಮನಿಸುವುದು. ನನ್ನ ಕೈಯಲ್ಲಿ ಅಂಕವಿಲ್ಲದ ವಿದ್ಯಾರ್ಥಿಯೇ ಬಂದು ಕೂರಬೇಕೆಂದು ನಿಶ್ಚಯಿಸಿ ಬಿ.ಕಾಂ. ಎರಡನೇ ವರ್ಷದ ಹುಡುಗಿಯೊಬ್ಬಳನ್ನು ಕೇಳಿಕೊಂಡೆವು. ಅವಳು ಒಂದು ಹಾಳೆಯಲ್ಲಿ ಬೆಂಚುಗಳ ನಕ್ಷೆ ಬರೆದುಕೊಂಡು, ನಾನು ಯಾವ ಬೆಂಚಿನ ಕಡೆ ಪ್ರಶ್ನೆ ಕೇಳಿದೆನೋ ಅಲ್ಲಿ ಒಂದು ಚುಕ್ಕೆ ಇಟ್ಟಿದ್ದಳು. ಒಂದು ಗಂಟೆಯ ಪಾಠದಲ್ಲಿ 23 ಚುಕ್ಕೆ. ಅದರಲ್ಲಿ 17 ಎಡಗಡೆಯ ಮುಂದಿನ ಎರಡು ಬೆಂಚಿನ ಮೇಲೆ. ಕಿಟಕಿಯ ಕಡೆಯ ಹಿಂದಿನ ನಾಲ್ಕು ಬೆಂಚು ಬೋಳು. ಅಲ್ಲಿಯವರು ಉತ್ತರ ಹೇಳುವುದೇ ಇಲ್ಲ ಎಂದು ನಾನು ಸಮರ್ಥಿಸಿಕೊಂಡೆ. “ಪ್ರಶ್ನೆ ಕೇಳಿ ಎರಡು ಸೆಕೆಂಡಿಗೆ ನೀವೇ ಉತ್ತರ ಹೇಳ್ಬಿಡ್ತೀರಿ ಮೇಡಂ,” ಎಂದಳು, ಬಹಳ ಮೆಲ್ಲಗೆ. ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೆ ಈ ಮಾತು ಕೇಳುವುದು ಸುಲಭವಲ್ಲ. ಆ ರಾತ್ರಿ ಸಿಟ್ಟೇ ಬಂದಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಈಗ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುತ್ತೇನೆ.

ಈ ವೀಕ್ಷಣೆಯನ್ನು ಇತರರಿಗೂ ವಿಸ್ತರಿಸಲು ಹೊರಟಾಗ ಅತಿಥಿ ಉಪನ್ಯಾಸಕರು ಹಿಂಜರಿದರು. ಅವರ ಅಂಜಿಕೆ ನ್ಯಾಯವಾದದ್ದು. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಸ್ಥಿತಿಯಲ್ಲಿರುವವರ ಬಗ್ಗೆ ವಿದ್ಯಾರ್ಥಿ ಬರೆದ ಹಾಳೆಯೊಂದು ಪ್ರಾಂಶುಪಾಲರ ಮೇಜು ತಲುಪಿದರೆ ಏನಾದೀತೆಂದು ಕಾಯಂ ನೌಕರಿಯ ನನಗೆ ಹೊಳೆದೇ ಇರಲಿಲ್ಲ. ಹಾಳೆ ಆಯಾ ಅಧ್ಯಾಪಕರ ಬಳಿಯೇ ಉಳಿಯಬೇಕು, ಪ್ರತಿ ತೆಗೆಯಬಾರದು, ನ್ಯಾಕ್ ಕಡತಕ್ಕಂತೂ ಸೇರಿಸಲೇಬಾರದು ಎಂದು ಬರೆದು ಸಹಿ ಹಾಕಿದ ಮೇಲೆ ಇಬ್ಬರು ಒಪ್ಪಿದರು. ಕಡತಕ್ಕೆ ಒಳ್ಳೆಯ ಪುರಾವೆ ಕೈತಪ್ಪಿತೆಂದು ಸಹೋದ್ಯೋಗಿಗಳು ಕೊರಗಿದರು, ಕೊರಗಲಿ.

ನಾನೇ ಮಾತು ತಪ್ಪಿದ್ದೂ ಉಂಟು. ಸೆಮಿನಾರನ್ನು ಗುಂಪಾಗಿ ಮಾಡುವುದೆಂದು ವಿದ್ಯಾರ್ಥಿಗಳು ತೀರ್ಮಾನಿಸಿದ್ದರು. ಹಿರಿಯರೊಬ್ಬರು ಆಕ್ಷೇಪಿಸಿದ್ದರಿಂದ ನಾನು ಯಾರನ್ನೂ ಕೇಳದೆ ಅದನ್ನು ಒಬ್ಬೊಬ್ಬರೇ ಮಾಡುವಂತೆ ಬದಲಿಸಿ, ವಾರ ಕಳೆದ ಮೇಲೆ ತಿಳಿಸಿದೆ. ಯಾರೂ ಜಗಳ ಮಾಡಲಿಲ್ಲ. ಮುಂದಿನ ಸಭೆಗೆ ಇಬ್ಬರು ಬರಲಿಲ್ಲ, ಅಷ್ಟೇ. ಕ್ಷಮೆ ಕೇಳಿದ್ದರಿಂದ ಅವರೇನೂ ಮರಳಲಿಲ್ಲ. ಉಳಿದ ಏಳು ಜನ ಸೇರಿ ಒಂದು ಉತ್ತರದ ಪುಸ್ತಕ ಇಡಿಸಿದರು: ಯಾವ ಸಲಹೆ ಬಂದರೂ ಹದಿನೈದು ದಿನದೊಳಗೆ ಹೌದು ಅಥವಾ ಇಲ್ಲ ಎಂದು ಕಾರಣದೊಂದಿಗೆ ಬರೆಯಬೇಕು, ‘ಪರಿಶೀಲಿಸಲಾಗುವುದು’ ಎಂಬ ಪದಕ್ಕೆ ಅದರಲ್ಲಿ ಜಾಗವಿಲ್ಲ.

2024-25ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಹೋಗಿ ಮತ್ತೆ ಮೂರು ವರ್ಷದ್ದು ಬಂದಿತು, ನಮ್ಮಲ್ಲಿ ಆಂತರಿಕ ಅಂಕ 20ಕ್ಕೆ ಇಳಿಯಿತು. ಹಂಚಿಕೊಳ್ಳುವುದಕ್ಕಿದ್ದ ಜಾಗ ಕಿರಿದಾಗಿದೆ. ಸಂತೆಯ ಪುಸ್ತಕ ಮಾತ್ರ ಉಳಿದುಕೊಂಡಿದೆ. ಈಗ ಉತ್ತರದ ಪುಸ್ತಕದಲ್ಲಿ ಹೊಸ ಸಲಹೆಯೊಂದು ಕಾಯುತ್ತಿದೆ: ಕಿರುಪರೀಕ್ಷೆಯ ಒಂದು ಪ್ರಶ್ನೆಯನ್ನು ವಿದ್ಯಾರ್ಥಿಗಳೇ ತೆಗೆಯಬೇಕಂತೆ. ವಿಭಾಗದಲ್ಲಿ ಇಬ್ಬರು ಪರ, ಇಬ್ಬರು ವಿರುದ್ಧ. ಶುಕ್ರವಾರಕ್ಕೆ ಹದಿನೈದು ದಿನ ತುಂಬುತ್ತದೆ.