ಹಳೆಯ ವಿ8ಗೆ ಸ್ಪಾರ್ಕ್ ಪ್ಲಗ್: ಮೊದಲು ಹೆಡ್ ನೋಡಿ, ಆಮೇಲೆ ನಂಬರ್

1969ರ ಶೆವರ್ಲೆ ಕಮಾರೊಗೆ ಪ್ಲಗ್ ಬೇಕೆಂದರೆ ಅಂಗಡಿಯವರು ಪಟ್ಟಿ ನೋಡಿ ಎಂಟು ಪ್ಲಗ್ ಕೊಟ್ಟುಬಿಡುತ್ತಾರೆ. ಎಂಜಿನ್ ಕಾರ್ಖಾನೆಯಿಂದ ಬಂದಂತೆಯೇ ಇದ್ದರೆ ಅದು ಸರಿಹೊಂದುತ್ತದೆ. ಆದರೆ ಐವತ್ತು ವರ್ಷ ದಾಟಿದ ಅಮೆರಿಕದ ಮಸಲ್ ಕಾರುಗಳಲ್ಲಿ ಸಿಲಿಂಡರ್ ಹೆಡ್ (ಸಿಲಿಂಡರ್‌ಗಳ ಮೇಲೆ ಮುಚ್ಚಳದಂತೆ ಕೂರುವ ಭಾಗ) ಬದಲಾಗಿರುವುದು ತೀರಾ ಸಾಮಾನ್ಯ. ಪ್ಲಗ್ ಕೂರುವುದು ಹೆಡ್‌ನಲ್ಲಿ; ಕಾರಿನ ಹೆಸರಿನಲ್ಲಲ್ಲ. ಇಲ್ಲಿ ಶೆವರ್ಲೆಯ 350 ಘನ ಇಂಚಿನ ವಿ8 (ಎಂಟು ಸಿಲಿಂಡರಿನ) ಎಂಜಿನ್ನನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲು ಕೂರುವ ಜಾಗ ನೋಡಿ. 1970ರವರೆಗಿನ ಹೆಡ್‌ಗಳಿಗೆ ವಾಷರ್ ಇರುವ, 13/16 ಇಂಚಿನ ಪಾನೆ ಹಿಡಿಯುವ ಪ್ಲಗ್. 1971ರಿಂದ ಈಚಿನವಕ್ಕೆ ವಾಷರ್ ಇಲ್ಲದ, ಬುಡ ಇಳಿಜಾರಾಗಿರುವ, 5/8 ಇಂಚಿನ ಪ್ಲಗ್. ಎರಡರ ಥ್ರೆಡ್ಡೂ 14 ಮಿ.ಮೀ. ಆದ್ದರಿಂದ ಅದಲು ಬದಲಾದರೂ ತಿರುಗಿಕೊಂಡು ಒಳಗೆ ಹೋಗುತ್ತದೆ, ಆದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಸೋರುತ್ತದೆ.

ಎರಡನೆಯದು ಥ್ರೆಡ್ಡಿನ ಉದ್ದ. ಶೆವರ್ಲೆಯ ಹಳೆಯ ಎರಕದ ಕಬ್ಬಿಣದ ಹೆಡ್‌ಗೆ ವಾಷರ್ ಪ್ಲಗ್ಗಿನ ಥ್ರೆಡ್ 3/8 ಇಂಚು ಸಾಕು. ಈಚೆಗೆ ಹಾಕಿಸಿದ ಅಲ್ಯೂಮಿನಿಯಂ ಹೆಡ್‌ಗೆ ಸಾಮಾನ್ಯವಾಗಿ 3/4 ಇಂಚು ಬೇಕು. ಉದ್ದದ್ದನ್ನು ಗಿಡ್ಡ ಜಾಗಕ್ಕೆ ಹಾಕಿದರೆ ಪಿಸ್ಟನ್ ಬಂದು ಬಡಿಯಬಹುದು. ಗಿಡ್ಡದ್ದನ್ನು ಉದ್ದ ಜಾಗಕ್ಕೆ ಹಾಕಿದರೆ ಖಾಲಿ ಥ್ರೆಡ್ಡಿನಲ್ಲಿ ಮಸಿ ಗಟ್ಟಿಯಾಗಿ, ಮುಂದೆ ಸರಿಯಾದ ಪ್ಲಗ್ ಕೂಡ ಇಳಿಯುವುದಿಲ್ಲ. ಬಿಚ್ಚಿದ ಹಳೆಯ ಪ್ಲಗ್ಗನ್ನೇ ಅಳತೆಗೆ ನಂಬಬೇಡಿ, ಹಿಂದಿನವರು ತಪ್ಪಿರಬಹುದು. ವಾಲ್ವ್ ಕವರ್ ತೆಗೆದರೆ ಹೆಡ್‌ನ ಮೇಲೆ ಎರಕದ ಸಂಖ್ಯೆ ಕಾಣುತ್ತದೆ. ಅದರಿಂದ ಹೆಡ್ ಯಾವುದೆಂದು ಗೊತ್ತಾಗುತ್ತದೆ.

ಎಲ್ಲರೂ ಎಡವುವುದು ಹೀಟ್ ರೇಂಜ್‌ನಲ್ಲಿ. ಹಾಟ್ ಪ್ಲಗ್ ಎಂದರೆ ಜೋರಾದ ಕಿಡಿ ಎಂದು ಬಹಳ ಮಂದಿ ತಿಳಿದಿದ್ದಾರೆ. ಕಿಡಿಗೂ ಅದಕ್ಕೂ ಸಂಬಂಧವಿಲ್ಲ. ತುದಿಯ ಪಿಂಗಾಣಿ ತನ್ನ ಶಾಖವನ್ನು ಹೆಡ್‌ಗೆ ಎಷ್ಟು ಬೇಗ ದಾಟಿಸುತ್ತದೆ ಎಂಬುದೇ ಹೀಟ್ ರೇಂಜ್. ಪಿಂಗಾಣಿಯ ಮೂತಿ ಉದ್ದವಿದ್ದರೆ ಶಾಖ ನಿಧಾನವಾಗಿ ಇಳಿಯುತ್ತದೆ: ಅದು ಹಾಟ್. ಗಿಡ್ಡವಿದ್ದರೆ ಕೋಲ್ಡ್. ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಮುಟ್ಟದಿದ್ದರೆ ಮಸಿ ಸುಟ್ಟುಹೋಗುವುದಿಲ್ಲ. 850ರ ಆಸುಪಾಸು ದಾಟಿದರೆ ಕೆಂಡದಂತಾಗಿ ಕಿಡಿಗೆ ಮೊದಲೇ ಪೆಟ್ರೋಲು ಹೊತ್ತಿಕೊಂಡು ಪಿಸ್ಟನ್ ತೂತಾಗುವ ಅಪಾಯವಿದೆ.

ನಂಬರ್ ಓದುವಾಗಲೂ ಎಚ್ಚರ ಬೇಕು. ಎಸಿ, ಚಾಂಪಿಯನ್ ಪ್ಲಗ್‌ಗಳಲ್ಲಿ ಅಂಕಿ ಏರಿದಂತೆ ಹಾಟ್, ಎನ್‌ಜಿಕೆಯಲ್ಲಿ ಕೋಲ್ಡ್. ಬಾಷ್‌ನ ಪ್ಲಗ್‌ಗಳನ್ನು ಇಲ್ಲಿ ತಯಾರಿಸುತ್ತಿದ್ದ ಬೆಂಗಳೂರಿನ ಮೈಕೊ ಕಂಪನಿಯ ಪ್ಲಗ್ ಬಳಸಿದ ಹಿರಿಯ ಮೆಕ್ಯಾನಿಕ್‌ಗಳಿಗೆ ಈ ಗೊಂದಲ ಹೊಸದಲ್ಲ: ಬಾಷ್‌ನ ಹಳೆಯ ಡಬ್ಲ್ಯೂ175, ಡಬ್ಲ್ಯೂ225 ಹೊಸ ಪದ್ಧತಿಯಲ್ಲಿ ಡಬ್ಲ್ಯೂ7, ಡಬ್ಲ್ಯೂ5 ಆಗಿ ಲೆಕ್ಕವೇ ತಿರುಗಿತು.

ಕಾರ್ಖಾನೆ ಹೇಳಿದ ಹೀಟ್ ರೇಂಜ್‌ನಿಂದ ಶುರುಮಾಡಿ. ಕಂಪ್ರೆಷನ್ ಏರಿಸಿದ್ದರೆ ಒಂದು ಮೆಟ್ಟಿಲು ಕೋಲ್ಡ್. ಕಾರು ಭಾನುವಾರ ಮಾತ್ರ ಮೆಲ್ಲಗೆ ಓಡುವುದಾಗಿ, ಪ್ಲಗ್ ಮಸಿ ಹಿಡಿಯುತ್ತಿದ್ದರೆ ಒಂದು ಮೆಟ್ಟಿಲು ಹಾಟ್. ಒಮ್ಮೆಗೆ ಒಂದೇ ಮೆಟ್ಟಿಲು. ಒಂದಷ್ಟು ದೂರ ಓಡಿಸಿ, ಬಿಚ್ಚಿ, ಬೆಳಕಿಗೆ ಹಿಡಿಯಿರಿ. ಪಿಂಗಾಣಿ ಹಾಲು ಜಾಸ್ತಿ ಬಿದ್ದ ಕಾಫಿಯ ಬಣ್ಣಕ್ಕಿದ್ದರೆ ಆಯ್ಕೆ ಸರಿ. ಬಿಳಿಚಿಕೊಂಡು ಸಣ್ಣ ಗುಳ್ಳೆ ಎದ್ದಿದ್ದರೆ ವಿಪರೀತ ಶಾಖ. ಒಣ ಮಸಿಯಾದರೆ ಕಾರ್ಬ್ಯುರೇಟರ್ ಕೂಡ ಪರೀಕ್ಷಿಸಿ. ಒದ್ದೆ ಎಣ್ಣೆಯಾದರೆ ತಪ್ಪು ಪ್ಲಗ್ಗಿನದಲ್ಲ, ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲಿನದು.

ಇನ್ನು ಗ್ಯಾಪ್, ಅಂದರೆ ಕಿಡಿ ಹಾರುವ ಸಂದು: ಹಳೆಯ ಕಾಂಟ್ಯಾಕ್ಟ್ ಪಾಯಿಂಟ್ಸ್ ಇರುವ ಎಂಜಿನ್‌ಗೆ 0.035 ಇಂಚು, ಎಚ್‌ಇಐ ಎಂಬ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಹಾಕಿಸಿದ್ದರೆ 0.045. ವರ್ಷಕ್ಕೆ ಸಾವಿರ ಮೈಲಿಯೂ ಓಡದ ಕಾರಿಗೆ ಇರಿಡಿಯಂ ಪ್ಲಗ್ ದಂಡ. ತಾಮ್ರದ ತಿರುಳಿನ ಸಾದಾ ಪ್ಲಗ್ಗೇ ಸಾಕು.

ಎಂಜಿನ್ ತಣ್ಣಗಿರುವಾಗ ಕೈಯಲ್ಲೇ ತಿರುಗಿಸಿ ಕೂರಿಸಿ. ಆಮೇಲೆ ಹೊಸ ವಾಷರ್ ಇದ್ದರೆ ಅರ್ಧ ಸುತ್ತು, ಇಳಿಜಾರು ಬುಡದ್ದಕ್ಕೆ ಹದಿನಾರನೇ ಒಂದು ಸುತ್ತು ಮಾತ್ರ ಬಿಗಿಮಾಡಿ. ವಯರ್ ಹಾಕುವಾಗ 5 ಮತ್ತು 7ನೇ ಸಿಲಿಂಡರ್‌ಗಳವನ್ನು ಒಂದಕ್ಕೊಂದು ತಾಗದಂತೆ ದೂರ ಎಳೆಯಿರಿ. ಈ ಎಂಜಿನ್ ಹೊತ್ತುವ ಕ್ರಮ 1-8-4-3-6-5-7-2. ಒಂದರ ಹಿಂದೆ ಒಂದು ಹೊತ್ತುವ 5, 7 ಪಕ್ಕಪಕ್ಕದಲ್ಲೇ ಇವೆ. ವಯರ್‌ಗಳು ಅಂಟಿಕೊಂಡು ಸಾಗಿದರೆ 5ರ ಕರೆಂಟು 7ರಲ್ಲಿ ಅಕಾಲದಲ್ಲಿ ಕಿಡಿ ಹಾರಿಸಬಹುದು.