ಗುಂಡ್ಯದಲ್ಲಿ ನಿಲ್ಲುತ್ತಿದ್ದ ಪದ್ಮಿನಿ: ದೋಷ ಟ್ಯಾಂಕಿನ ಮುಚ್ಚಳದಲ್ಲಿತ್ತು
ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ರೇಸ್ ನೋಡಲು, ಟೆಂಟ್ ಹೇರಿಕೊಂಡು ಮಂಗಳೂರಿನಿಂದ ಹಳೆಯ ಪ್ರೀಮಿಯರ್ ಪದ್ಮಿನಿಯಲ್ಲಿ ಹೊರಡುವವನಿದ್ದೆ. ಪರೀಕ್ಷೆಗೆಂದು ಮೂರು ಸಲ ಶಿರಾಡಿ ಘಾಟಿಯತ್ತ ಒಯ್ದೆ. ಮೂರು ಸಲವೂ ಉಪ್ಪಿನಂಗಡಿ ದಾಟಿ ಗುಂಡ್ಯ ತಲುಪುವಷ್ಟರಲ್ಲಿ ಎಂಜಿನ್ ಮುಗ್ಗರಿಸಿ ನಿಂತಿತು. ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಾಗ.

ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪನ್ನು ತಣಿಸಲು ಒದ್ದೆ ಬಟ್ಟೆ, ಕಿಡಿ ಹೊತ್ತಿಸಲು ಬೇಕಾದ ಹೊಸ ಕಂಡೆನ್ಸರ್, ಹೊಸ ಕಾಯಿಲ್, ಕಾರ್ಬ್ಯುರೇಟರ್ ಸ್ವಚ್ಛತೆ, ಯಾವುದೂ ಫಲಿಸಲಿಲ್ಲ.

ನಾಲ್ಕನೆಯ ಸಲ ಬಾನೆಟ್ ಮುಟ್ಟದೆ ಮೊದಲು ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಸುಸ್ ಎಂದು ಗಾಳಿ ಒಳನುಗ್ಗಿತು. ಕಾರು ಕೂಡಲೇ ಚಾಲೂ ಆಯಿತು. ಬಣ್ಣ ಹೊಡೆಸಿದಾಗ ಮುಚ್ಚಳದ ಗಾಳಿರಂಧ್ರ ಕಟ್ಟಿಹೋಗಿತ್ತು. ಪೆಟ್ರೋಲ್ ಇಳಿದಂತೆ ಟ್ಯಾಂಕಿನೊಳಗೆ ನಿರ್ವಾತ ಬೆಳೆದು, ಪಂಪಿಗೆ ಎಳೆಯಲಾಗುತ್ತಿರಲಿಲ್ಲ.

ನಿಮ್ಮ ಮುಚ್ಚಳದ ರಂಧ್ರವೂ ಹೀಗೆ ಕಟ್ಟಿದ್ದರೆ, ಮೊದಲು ಅದರ ರಬ್ಬರ್ ವಾಷರ್ ತೆಗೆಯಿರಿ, ಇಲ್ಲವಾದರೆ ಬಣ್ಣ ಕರಗಿಸುವ ಥಿನ್ನರ್‌ನಲ್ಲಿ ಅದು ಉಬ್ಬುತ್ತದೆ. ಮುಚ್ಚಳವನ್ನು ಒಂದು ರಾತ್ರಿ ಥಿನ್ನರ್‌ನಲ್ಲಿಟ್ಟು, ತೆಳು ತಂತಿಯಿಂದ ರಂಧ್ರ ಬಿಡಿಸಿ, ಸೋಪಿನಲ್ಲಿ ತೊಳೆದು ಒಣಗಿಸಿ, ಸೈಕಲ್ ಪಂಪಿನಿಂದ ಗಾಳಿ ಹಾಯಿಸಿ. ಆಮೇಲೆ ವಾಷರ್ ಕೂರಿಸಿ. ಡ್ರಿಲ್ಲಿನಿಂದ ರಂಧ್ರವನ್ನು ಮಾತ್ರ ದೊಡ್ಡದು ಮಾಡಬೇಡಿ. ಘಾಟಿಯ ತಿರುವಿನಲ್ಲಿ ಪೆಟ್ರೋಲ್ ಚೆಲ್ಲುತ್ತದೆ. ಒಂದು ಗಂಟೆ ಓಡಿಸಿ ಮುಚ್ಚಳ ತೆರೆದಾಗ ಸದ್ದು ಬರಬಾರದು. ನನ್ನ ಕಾರು ಈಗ ಸಕಲೇಶಪುರದವರೆಗೆ ನಿಲ್ಲದೆ ಹತ್ತುತ್ತದೆ.