ಪಿನ್‌ಕೋಡ್ ಒಡೆದು ನೋಡಿದಾಗ: ಬಳ್ಳಾರಿ, ಕೊಪ್ಪಳ, ರಾಯಚೂರು

ಆರಂಕಿಯ ಸಂಖ್ಯೆಯನ್ನು ಕೈಯಲ್ಲೇ ಅವಿಭಾಜ್ಯಗಳಾಗಿ ಒಡೆಯುವ ಅಭ್ಯಾಸಕ್ಕೆ ನಾನು ಬಳಸುವುದು ನಮ್ಮ ಕಡೆಯ ಮೂರು ಪಿನ್‌ಕೋಡ್: ಬಳ್ಳಾರಿ 583101, ಕೊಪ್ಪಳ 583231, ರಾಯಚೂರು 584101. ಮೂರರ ಕೊನೆಯಲ್ಲೂ 1 ಇರುವುದರಿಂದ 2, 5ರ ಗೊಡವೆಯಿಲ್ಲ.

ಬಳ್ಳಾರಿಯ ಅಂಕಿಗಳ ಮೊತ್ತ 18. ಹಾಗಾಗಿ 9 ತೆಗೆದರೆ ಉಳಿಯುವುದು 64789. ಮೊದಲು 763ರವರೆಗೆ ಹುಡುಕಬೇಕಿತ್ತು. ಈಗ 64789ರ ವರ್ಗಮೂಲ, ಅಂದರೆ 254ರವರೆಗೆ ಸಾಕು. ಒಂದು ಭಾಜಕ ಸಿಕ್ಕ ಕೂಡಲೇ ಮಿತಿ ಇಳಿಸದವರು ಸುಮ್ಮನೆ ಬೆವರು ಸುರಿಸುತ್ತಾರೆ. ಇಲ್ಲಿಂದ ಮುಂದೆ ನಾನು ಪೂರ್ತಿ ಭಾಗಾಕಾರ ಮಾಡುವುದಿಲ್ಲ. ಪರೀಕ್ಷಿಸುವ ಸಂಖ್ಯೆಯ ಯಾವುದಾದರೂ ಗುಣಕವನ್ನು ಕೂಡಿಸಿಯೋ ಕಳೆದೋ ಕೊನೆಗೆ ಸೊನ್ನೆ ಬರಿಸಿ, ಆ ಸೊನ್ನೆ ಹಾರಿಸುತ್ತೇನೆ. 67ಕ್ಕೆ ನೋಡಿ: 64789ಕ್ಕೆ 201 ಕೂಡಿಸಿದರೆ 64990, ಸೊನ್ನೆ ಬಿಟ್ಟರೆ 6499; ಮತ್ತೆ 201 ಕೂಡಿಸಿದರೆ 6700. ಸಿಕ್ಕಿತು! 10ಕ್ಕೂ 67ಕ್ಕೂ ಸಾಮಾನ್ಯ ಭಾಜಕ ಇಲ್ಲದ್ದರಿಂದ ಸೊನ್ನೆ ಹಾರಿಸಿದರೆ ನಷ್ಟವಿಲ್ಲ. ಆದರೆ ಕೊನೆಗೆ ಉಳಿದದ್ದನ್ನು ನಿಜವಾದ ಶೇಷ ಅಂದುಕೊಳ್ಳಬೇಡಿ; ಭಾಗವಾಗುತ್ತದೋ ಇಲ್ಲವೋ ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ಉಳಿದ 967, 67ರ ವರ್ಗಕ್ಕಿಂತ ಬಹಳ ಚಿಕ್ಕದು; ಕೆಳಗಿನ ಅವಿಭಾಜ್ಯಗಳೆಲ್ಲ ಆಗಲೇ ಸೋತಿವೆ. ಆದ್ದರಿಂದ ಅದು ಅವಿಭಾಜ್ಯ. 583101 = 3×3×67×967.

ಕೊಪ್ಪಳದಲ್ಲಿ ಒಳದಾರಿಯಿದೆ, ಜೊತೆಗೆ ಒಂದು ಗುಂಡಿಯೂ. ಸಂಖ್ಯೆಯನ್ನು ಮೂರು ಮೂರಂಕಿಯಾಗಿ ಕಡಿಯಿರಿ. 1001 = 7×11×13 ಆಗಿರುವುದರಿಂದ ವ್ಯತ್ಯಾಸ 583−231 = 352 ಈ ಮೂರರ ಸುಳಿವು ಕೊಡುತ್ತದೆ: 11 ಹೌದು, 7 ಮತ್ತು 13 ಅಲ್ಲ. 999 = 27×37; ಮೊತ್ತ 814 ಎಂದರೆ 37×22. ಅಂದರೆ 37 ಕೂಡ ಭಾಜಕ. ಉಳಿದದ್ದು 1433. ಇಲ್ಲೇ ಹಲವರು ‘ಮುಗಿಯಿತು’ ಎಂದು ಪೆನ್ನು ಕೆಳಗಿಡುತ್ತಾರೆ. 37ಕ್ಕೆ ಜಿಗಿದು ಬಂದಿದ್ದೇವೆ, ನಡುವಿನ 17, 19, 23, 29, 31 ಪರೀಕ್ಷೆಯಾಗಿಯೇ ಇಲ್ಲ. 37ರ ವರ್ಗ 1369 ಮಾತ್ರ, ಹಾಗಾಗಿ 37ನ್ನೇ ಇನ್ನೊಮ್ಮೆ ನೋಡಬೇಕು. ಯಾವುದೂ ಹೋಗುವುದಿಲ್ಲ; 583231 = 11×37×1433.

ರಾಯಚೂರಿನದು ಮೊಂಡು ಸಂಖ್ಯೆ. 584−101 = 483 = 7×69, ಹಾಗಾಗಿ 7 ಸುಲಭವಾಗಿ ಬೀಳುತ್ತದೆ. ಉಳಿದ 83443ಕ್ಕೆ ಮತ್ತೆ ಅದೇ ಉಪಾಯ: 443−83 = 360; ಈ ಸಲ 7, 11, 13 ಮೂರೂ ಇಲ್ಲ. ಆಮೇಲೆ 17ರಿಂದ 283ರವರೆಗಿನ 55 ಅವಿಭಾಜ್ಯಗಳನ್ನೂ ನೋಡದೆ ವಿಧಿಯಿಲ್ಲ. 149ರಲ್ಲಿ ಶೇಷ 3, 181ರಲ್ಲಿ 2. ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ 461.01 ಕಂಡಾಗ ಅವಸರದಲ್ಲಿ 461 ಎಂದು ಬರೆದುಕೊಳ್ಳುವುದು ಇಲ್ಲೇ. 83443 ಅವಿಭಾಜ್ಯ, 584101 = 7×83443.

ತಾಳೆ ನೋಡಲು ಅಂಕಿಮೊತ್ತದ 9ರ ಪರೀಕ್ಷೆ ಬಳ್ಳಾರಿಗೆ ಕೆಲಸಕ್ಕೆ ಬಾರದು. ಗುಣಲಬ್ಧದಲ್ಲೇ 9 ಇರುವುದರಿಂದ 967ರ ಬದಲು 976 ಬರೆದರೂ ಪಾಸಾಗುತ್ತದೆ. ಅಲ್ಲಿ 11ರಿಂದ ನೋಡುತ್ತೇನೆ: 9, 67, 967ರ ಶೇಷಗಳು 9, 1, 10, ಗುಣಿಸಿದರೆ 90, ಅದರ ಶೇಷ 2. 583101ರದ್ದೂ 2.